ಕಾಲುವೆ ದಂಡೆಯಲ್ಲಿ ಸೈಕಲ್: ಬ್ರಿಟನ್ನಿನ ಟೋಪಾತ್‌ಗಳಲ್ಲಿ ತುಳಿಯುವವರಿಗೆ

ಲಂಡನ್, ಬರ್ಮಿಂಗ್‌ಹ್ಯಾಮ್, ಲೀಡ್ಸ್, ಮ್ಯಾಂಚೆಸ್ಟರ್, ಎಡಿನ್‌ಬರೋ ಹೀಗೆ ನಮ್ಮವರು ಓದಿಗೋ ಕೆಲಸಕ್ಕೋ ಹೋಗಿ ನೆಲೆಸಿರುವ ಬ್ರಿಟನ್ನಿನ ದೊಡ್ಡ ಊರುಗಳಲ್ಲೆಲ್ಲ ಒಂದಾದರೂ ಹಳೆಯ ಕಾಲುವೆ ಇದೆ. ಹೊಸದಾಗಿ ಸೈಕಲ್ ಕೊಂಡು ಫೋನಿನ ಮ್ಯಾಪಿನಲ್ಲಿ ಆಫೀಸಿಗೆ ದಾರಿ ಕೇಳಿದರೆ ಅದು ಎಷ್ಟೋ ಸಲ ಸೀದಾ ಆ ಕಾಲುವೆಯ ದಂಡೆಗೆ ಇಳಿಸುತ್ತದೆ. ಅಲ್ಲಿ ಕಾರಿನ ಕಾಟವಿಲ್ಲ, ಸಿಗ್ನಲ್ ಇಲ್ಲ, ಏದುಸಿರು ಬಿಡಿಸುವ ದಿಬ್ಬವಿಲ್ಲ. ಹಾಗಾಗಿ ಅದನ್ನು ಸೈಕಲ್ಲಿಗೆಂದೇ ಮಾಡಿದ ದಾರಿ ಅಂದುಕೊಳ್ಳುವುದು ಸುಲಭ. ತೊಂದರೆ ಶುರುವಾಗುವುದೇ ಅಲ್ಲಿಂದ.

ಕಾಲುವೆ ದಂಡೆಯ ಈ ದಾರಿಯೇ ಟೋಪಾತ್, ಅದು ಹುಟ್ಟಿದ್ದು ಕುದುರೆಗಾಗಿ. ಹದಿನೆಂಟನೆಯ ಶತಮಾನದ ಕೊನೆ, ಹತ್ತೊಂಬತ್ತರ ಆರಂಭದಲ್ಲಿ ಕಲ್ಲಿದ್ದಲು, ಸುಣ್ಣದ ಕಲ್ಲು, ಪಿಂಗಾಣಿ ತುಂಬಿದ ದೋಣಿಗಳನ್ನು ಕುದುರೆಗಳು ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ಎಳೆಯುತ್ತಿದ್ದವು. ಒಂದು ಕುದುರೆ, ಅದರ ಪಕ್ಕ ಒಬ್ಬ ಆಳು, ಇಷ್ಟಕ್ಕೆ ಸಾಲುವಷ್ಟು ಅಗಲ ಬಿಟ್ಟರು. ಇವತ್ತಿಗೂ ಬಹಳ ಕಡೆ ಅಷ್ಟೇ ಇದೆ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಬೇಲಿ ಅಥವಾ ಗೋಡೆ, ನಡುವೆ ಒಂದೂವರೆ ಎರಡು ಮೀಟರು. ಅಷ್ಟರಲ್ಲೇ ವಾಕಿಂಗಿಗೆ ಬಂದವರು, ಮಗುವಿನ ತಳ್ಳುಗಾಡಿ, ಗಾಳ ಹಾಕುವವರು, ನಾಯಿ ಹಿಡಿದವರು, ದೋಣಿಯಲ್ಲೇ ಮನೆ ಮಾಡಿಕೊಂಡವರು, ಜೊತೆಗೆ ನಾವು.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಕಾಲುವೆ-ನದಿಗಳನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ದತ್ತಿಸಂಸ್ಥೆ ನೋಡಿಕೊಳ್ಳುತ್ತಿದೆ. ಸ್ಕಾಟ್‌ಲ್ಯಾಂಡಿನಲ್ಲಿ ಆ ಕೆಲಸ ಸ್ಕಾಟಿಷ್ ಕೆನಾಲ್ಸ್‌ನದು. ಟ್ರಸ್ಟಿನ ಟೋಪಾತಿನಲ್ಲಿ ಸೈಕಲ್ ತುಳಿಯಲು ಈಗ ಪರ್ಮಿಟ್ ಬೇಕಿಲ್ಲ. ಹಿಂದೆ ಬ್ರಿಟಿಷ್ ವಾಟರ್‌ವೇಸ್ ಎಂಬ ಸರ್ಕಾರಿ ಸಂಸ್ಥೆ ಇದ್ದಾಗ ಬೇಕಿತ್ತು. ಆದರೆ ಹೆಚ್ಚಿನ ಕಡೆ ಟೋಪಾತ್ ಸಾರ್ವಜನಿಕ ರಸ್ತೆಯಲ್ಲ. ಮಾಲೀಕರು ಕೊಟ್ಟ ಅನುಮತಿಯ ಮೇಲೆ ನಾವು ಓಡಾಡುತ್ತೇವೆ. ಅವರ ನಿಯಮದ ಮೊದಲ ಸಾಲೇ ನಡೆಯುವವರಿಗೆ ಆದ್ಯತೆ ಎನ್ನುವುದು. ಎಲೆಕ್ಟ್ರಿಕ್ ಸೈಕಲ್ ತರಬಹುದು, ಆದರೆ ಬ್ರಿಟಿಷ್ ಕಾನೂನು ಒಪ್ಪುವ ಬಗೆಯದಾಗಿರಬೇಕು: ಮೋಟಾರು 250 ವಾಟ್ ಮೀರಬಾರದು, ಗಂಟೆಗೆ 15.5 ಮೈಲಿ ದಾಟಿದೊಡನೆ ಮೋಟಾರಿನ ನೆರವು ನಿಲ್ಲಬೇಕು, ತುಳಿಯುವವರಿಗೆ 14 ವರ್ಷ ತುಂಬಿರಬೇಕು. ಇದನ್ನು ಮೀರಿದ್ದು ಕಾನೂನಿನ ಕಣ್ಣಿಗೆ ಮೋಟಾರು ವಾಹನ, ಅದಕ್ಕೆ ಇಲ್ಲಿ ಜಾಗವಿಲ್ಲ. ಸ್ವಂತದ ಎಲೆಕ್ಟ್ರಿಕ್ ಸ್ಕೂಟರಿಗೂ ಇಲ್ಲ.

ವೇಗದ ಲೆಕ್ಕ

ಟೋಪಾತಿನ ಎಲ್ಲ ಜಾಣತನವೂ ಕೊನೆಗೆ ವೇಗಕ್ಕೇ ಬಂದು ನಿಲ್ಲುತ್ತದೆ. ಒಂದು ಸರಳ ಲೆಕ್ಕ ಹಾಕಿ ನೋಡಿ. ಗಂಟೆಗೆ 20 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಐದೂವರೆ ಮೀಟರು. ಎದುರಿಗೆ ಯಾರೋ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಕಲ್ಲುಪುಡಿ ಹಾಸಿದ ಸಡಿಲ ನೆಲದಲ್ಲಿ ಗಾಲಿ ಜಾರದಂತೆ ಬ್ರೇಕು ಹಿಡಿದರೆ ನಿಲ್ಲಲು ಇನ್ನೂ ಐದು ಮೀಟರು ಬೇಕು. ಒಟ್ಟು ಹತ್ತೂವರೆ ಮೀಟರು. ಅದೇ 12 ಕಿ.ಮೀ. ವೇಗದಲ್ಲಿದ್ದರೆ ಸುಮಾರು ಐದು ಮೀಟರಿನಲ್ಲಿ ನಿಂತುಬಿಡುತ್ತೀರಿ. ಕಮಾನು ಸೇತುವೆಯ ಕೆಳಗೆ ತಿರುವಿನಾಚೆ ನಿಮಗೆ ಕಾಣುವುದು ಹೆಚ್ಚೆಂದರೆ ಆರೇಳು ಮೀಟರು. ಆಮೇಲೆ ಇದರಲ್ಲಿ ಚರ್ಚೆಗೆ ಏನೂ ಉಳಿಯುವುದಿಲ್ಲ.

ಹಾಗಾಗಿ ಅಳತೆ ಹೀಗಿಟ್ಟುಕೊಳ್ಳಿ: ಕಣ್ಣಿಗೆ ಕಾಣುವ ದೂರದ ಅರ್ಧದೊಳಗೆ ನಿಲ್ಲುವಂತಿರಬೇಕು. ಎದುರಿನಿಂದಲೂ ಸೈಕಲ್ ಬರಬಹುದಲ್ಲ, ಉಳಿದರ್ಧ ಅವರ ಪಾಲು. ಮುಂದೆ ಯಾರೂ ಇಲ್ಲದ, ನೇರವಾದ, ಅಗಲ ದಾರಿಯಲ್ಲಿ ಹದಿನೈದು ಹದಿನೆಂಟು ಕಿ.ಮೀ. ಸರಿ. ಜನ ಕಂಡಕೂಡಲೇ ಜಾಗಿಂಗ್ ಮಾಡುವವರ ವೇಗ. ಪಕ್ಕದಲ್ಲೇ ದಾಟುವಾಗ ನಡಿಗೆಗಿಂತ ಒಂದು ಚೂರು ಹೆಚ್ಚು. ನಡಿಗೆಯ ವೇಗದಲ್ಲಿ ಸೈಕಲ್ ಓಲಾಡದಂತೆ ತುಳಿಯುವುದಕ್ಕೆ ಅಭ್ಯಾಸ ಬೇಕು. ಸಣ್ಣ ಗೇರಿಗೆ ಇಳಿಸಿ, ಹಿಂದಿನ ಬ್ರೇಕನ್ನು ಹಗುರವಾಗಿ ಹಿಡಿದು ಪೆಡಲಿನ ಮೇಲೆ ಒತ್ತಡ ಇಟ್ಟರೆ ಸೈಕಲ್ ನೆಟ್ಟಗೆ ನಿಲ್ಲುತ್ತದೆ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಇದನ್ನು ಮೊದಲೇ ಕಲಿತುಬಿಡಿ. ಫೋನಿನ ಆ್ಯಪಿನಲ್ಲಿ ಟೋಪಾತಿನ ತುಣುಕುಗಳಿಗೆ ಟೈಮ್ ನೋಡುವ ಚಟವಿದ್ದರೆ ಅದನ್ನು ಇಲ್ಲಿ ಬಿಡಬೇಕು. ಅವಸರವಿರುವ ದಿನ ರಸ್ತೆಯಲ್ಲಿ ಹೋಗಿ.

ಬೆಲ್ ಹೊಡೆಯುವುದು ಯಾಕೆ

ನಮ್ಮೂರಿನ ಪೇಟೆಬೀದಿಯಲ್ಲಿ ಸೈಕಲ್ ಬೆಲ್ಲಿಗೆ ಅರ್ಥ ಒಂದೇ, ದಾರಿ ಬಿಡಿ ಅಂತ. ಟೋಪಾತಿನಲ್ಲಿ ಬೆಲ್ ಹೇಳಬೇಕಾದದ್ದು ನಾನು ಹಿಂದೆ ಇದ್ದೇನೆ, ನೀವು ನಿಧಾನಕ್ಕೆ ನೋಡಿಕೊಳ್ಳಿ ಅಂತ. ಕೈಯ ರೂಢಿ ಹಾಗೇ ಉಳಿದು ಹತ್ತಿರ ಬಂದ ಮೇಲೆ ಟ್ರಿಣ್‌ಟ್ರಿಣ್ ಅನ್ನಿಸಿದರೆ ಜನ ಬೆಚ್ಚಿಬೀಳುತ್ತಾರೆ, ಬೆಚ್ಚಿದವರು ಎತ್ತ ಹಾರುತ್ತಾರೋ ಹೇಳಲಾಗದು. ಒಂದು ಕಡೆ ನೀರಿದೆ ಅನ್ನುವುದು ನೆನಪಿರಲಿ.

ಇಪ್ಪತ್ತು ಇಪ್ಪತ್ತೈದು ಮೀಟರು ದೂರವಿರುವಾಗ ಎರಡು ಸಲ ಮೆಲ್ಲಗೆ ಟಿಂಗ್ ಟಿಂಗ್. ಹಿತ್ತಾಳೆಯ ಗುಮ್ಮಟವಿರುವ ಸಣ್ಣ ಬೆಲ್ ಇದಕ್ಕೆ ಒಳ್ಳೆಯದು, ದನಿ ತೆಳ್ಳಗಿದ್ದರೂ ದೂರ ಹೋಗುತ್ತದೆ. ಬೆಲ್ ಆದಮೇಲೆ ತುಳಿಯುವುದನ್ನು ನಿಲ್ಲಿಸಿ, ಗಾಲಿ ತಾನಾಗಿ ಉರುಳಲಿ. ಅವರು ತಿರುಗಿ ನೋಡಿ ಒಂದು ಬದಿಗೆ ಸರಿದ ಮೇಲಷ್ಟೇ ಮುಂದೆ. ಯಾವ ಬದಿಗೆ ಸರಿಯಬೇಕೆಂದು ಆರಿಸಿಕೊಳ್ಳುವುದು ಅವರು. ನೀವು ಮೊದಲೇ ಒಂದು ಬದಿ ಗೊತ್ತುಮಾಡಿಕೊಂಡು ನುಗ್ಗಿದರೆ ಇಬ್ಬರೂ ಒಂದೇ ಕಡೆ ಬಂದು ಸಿಕ್ಕಿಹಾಕಿಕೊಳ್ಳುತ್ತೀರಿ.

ಬೆಲ್ ಕೇಳಿಸದವರು ಬಹಳ ಮಂದಿ. ಕಿವಿಗೆ ಇಯರ್‌ಫೋನ್ ಹಾಕಿದವರು, ಕಿವಿ ಮಂದವಾದ ಹಿರಿಯರು, ಮಾತಿನಲ್ಲಿ ಮುಳುಗಿದವರು. ಎರಡನೇ ಸಲವೂ ತಿರುಗದಿದ್ದರೆ ಅವರ ಹಿಂದೆ ನಡಿಗೆಯ ವೇಗಕ್ಕೆ ಇಳಿದು, ಬಾಯಿತೆರೆದು ‘ಎಕ್ಸ್‌ಕ್ಯೂಸ್ ಮಿ’ ಅನ್ನಿ. ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಊರಿನಿಂದ ಬಂದ ಅಪ್ಪ ಅಮ್ಮಂದಿರು ಸಂಜೆ ಈ ದಂಡೆಯಲ್ಲೇ ಸಾಲಾಗಿ ನಡೆಯುತ್ತಿರುತ್ತಾರೆ. ಅವರಿಗೆ ಬೆಲ್ ಅಂದರೆ ಇನ್ನೂ ದಾರಿ ಬಿಡಿ ಎಂಬ ಅರ್ಥವೇ, ಕೇಳಿದೊಡನೆ ಗಾಬರಿಯಿಂದ ಪಕ್ಕಕ್ಕೆ ಹಾರುತ್ತಾರೆ. ಕನ್ನಡದ ಮಾತು ಕಿವಿಗೆ ಬಿದ್ದರೆ ಬೆಲ್ ಬೇಡ. ‘ಹಾಗೇ ನಡೀರಿ ಅಮ್ಮ, ಅವಸರ ಏನಿಲ್ಲ, ಪಕ್ಕದಲ್ಲಿ ಬರ್ತಿದ್ದೀನಿ’ ಅಂದರೆ ಸಾಕು.

ಗುಂಪು ಎರಡು ಭಾಗವಾಗಿ ಅರ್ಧ ಜನ ಬೇಲಿ ಕಡೆಗೂ ಅರ್ಧ ಜನ ನೀರಿನ ಕಡೆಗೂ ಸರಿದು ನಡುವೆ ದಾರಿ ಬಿಟ್ಟರೆ ಅದನ್ನು ನಂಬಬೇಡಿ. ಮಗು ಒಂದು ಕಡೆ, ತಾಯಿ ಇನ್ನೊಂದು ಕಡೆ ಆಗಿದ್ದರೆ ಕೊನೆಯ ಕ್ಷಣದಲ್ಲಿ ಮಗು ತಾಯಿಯ ಕಡೆ ಓಡುತ್ತದೆ. ಅಲ್ಲಿ ಕಾಲು ಊರಿ ನಿಂತು, ಅವರೆಲ್ಲ ಒಂದು ಬದಿಗೆ ಬರುವವರೆಗೆ ಕಾಯುವುದೇ ಸರಿ. ನಿಮ್ಮ ಹಿಂದೆ ಗೆಳೆಯರ ಸೈಕಲ್ಲುಗಳಿದ್ದರೆ ಮೊದಲು ದಾಟುವವರು ‘ಟೂ ಮೋರ್ ಬಿಹೈಂಡ್ ಮಿ’ ಎಂದು ಎಷ್ಟು ಮಂದಿ ಇದ್ದಾರೆಂದು ಹೇಳಬೇಕು. ಇಲ್ಲದಿದ್ದರೆ ನೀವು ಹೋದೊಡನೆ ಅವರು ಮತ್ತೆ ದಾರಿಯ ನಡುವೆ ಬರುತ್ತಾರೆ. ದಾಟಿದ ಮೇಲೆ ‘ಥ್ಯಾಂಕ್ಯೂ’ ಮರೆಯಬೇಡಿ. ಮುಂದಿನ ಸೈಕಲ್ಲಿನವರಿಗೆ ಅವರು ದಾರಿ ಬಿಡುವುದು ಇದರ ಮೇಲೆ ನಿಂತಿದೆ.

ಸೇತುವೆಯ ಕೆಳಗೆ

ಟೋಪಾತಿನಲ್ಲಿ ಅತಿ ಅಪಾಯದ ಜಾಗ ಸೇತುವೆಯ ಕೆಳಗಿನ ಸಂದಿ. ಅಲ್ಲಿ ನಾಲ್ಕು ಕಷ್ಟ ಒಟ್ಟಿಗೆ ಕೂಡುತ್ತವೆ. ಇಟ್ಟಿಗೆ ಉಳಿಸಲು ಕಾಲುವೆಯನ್ನೇ ಕಿರಿದು ಮಾಡಿ ಸೇತುವೆ ಕಟ್ಟಿದ್ದರಿಂದ ದಾರಿಯೂ ಕಿರಿದು. ದಾರಿ ಸೇತುವೆಯ ಬಳಿ ತಟ್ಟನೆ ನೀರಿನ ಕಡೆಗೆ ತಿರುಗುವುದರಿಂದ ಎದುರಿನವರು ಕಾಣುವುದಿಲ್ಲ. ಕಮಾನು ನೀರಿನ ನಡುವೆ ಎತ್ತರ, ಗೋಡೆಯ ಕಡೆ ತಗ್ಗು. ಎತ್ತರದವರು ತಲೆ ಉಳಿಸಿಕೊಳ್ಳಲು ತಮಗರಿವಿಲ್ಲದೆ ನೀರಿನ ಕಡೆಗೆ ವಾಲುತ್ತಾರೆ. ಕಾಲಡಿಯ ಕಲ್ಲು-ಇಟ್ಟಿಗೆ ಬಿಸಿಲು ಕಾಣದೆ ವರ್ಷವಿಡೀ ತೇವವಾಗಿ ಪಾಚಿ ಕಟ್ಟಿರುತ್ತದೆ, ಚಳಿಗಾಲದಲ್ಲಿ ಮಂಜುಗಡ್ಡೆ ಕೊನೆಗೆ ಕರಗುವುದೂ ಅಲ್ಲೇ.

ಹಾಗಾಗಿ ಕ್ರಮ ಹೀಗಿರಲಿ. ತಿರುವಿಗೆ ಹತ್ತು ಹದಿನೈದು ಮೀಟರು ಮೊದಲೇ ಬೆಲ್, ನೇರ ದಾರಿಯಲ್ಲಿರುವಾಗಲೇ ಬ್ರೇಕು. ತಿರುವಿನೊಳಗೆ, ಅದರಲ್ಲೂ ಒದ್ದೆ ಇಟ್ಟಿಗೆಯ ಮೇಲೆ, ಮುಂದಿನ ಬ್ರೇಕು ಮುಟ್ಟಲೇಬಾರದು. ಗಾಲಿ ಜಾರಿದರೆ ಅದು ಜಾರುವುದು ನೀರಿನ ಕಡೆಗೇ, ಯಾಕೆಂದರೆ ಬಹಳ ಕಡೆ ನೆಲ ನೀರಿನ ಕಡೆಗೆ ಸ್ವಲ್ಪ ಇಳಿಜಾರಾಗಿರುತ್ತದೆ. ಒಳಗೆ ಆಗಲೇ ಯಾರಾದರೂ ಇದ್ದರೆ ಅವರು ಹೊರಬರುವವರೆಗೆ ಹೊರಗೇ ನಿಲ್ಲಿ. ಎದುರಿನ ಸೈಕಲ್ಲಿನವರೂ ನೀವೂ ಒಟ್ಟಿಗೆ ತಲುಪಿದರೆ ಮೊದಲು ಕೈ ತೋರಿಸಿ ದಾರಿ ಬಿಟ್ಟವರು ನೀವಾಗಿರಿ. ಕಾಲು ಊರಬೇಕಾಗಿ ಬಂದರೆ ಗೋಡೆಯ ಕಡೆಯ ಕಾಲನ್ನೇ ಊರಿ. ನೀರಿನ ಕಡೆ ಊರಲು ಹೋದರೆ ಅಲ್ಲಿ ನೆಲ ಇರುವುದಿಲ್ಲ. ಶೂ ಸಿಕ್ಕಿಸುವ ಪೆಡಲಿದ್ದವರು ಸೇತುವೆ ಬರುವ ಮೊದಲೇ ಗೋಡೆಯ ಕಡೆಯ ಪಾದ ಬಿಡಿಸಿಕೊಳ್ಳಬೇಕು. ಎಲ್ಲಕ್ಕಿಂತ ಸುಲಭ ಇಳಿದು ತಳ್ಳಿಕೊಂಡು ಹೋಗುವುದು, ಸೈಕಲ್ ನೀರಿನ ಕಡೆ, ನೀವು ಗೋಡೆಯ ಕಡೆ. ಹತ್ತು ಹೆಜ್ಜೆಯ ಕೆಲಸ.

ಇಳಿದಾಗ ಸೇತುವೆಯ ಮೂಲೆಯನ್ನೊಮ್ಮೆ ನೋಡಿ. ಬಹಳ ಕಡೆ ಇಟ್ಟಿಗೆ ಸವೆಯದಿರಲೆಂದು ಮೂಲೆಗೆ ಬೀಡುಕಬ್ಬಿಣದ ಪಟ್ಟಿ ಕೂರಿಸಿದ್ದಾರೆ, ಅದರ ಮೇಲೆ ಬೆರಳು ಹುದುಗುವಷ್ಟು ಆಳದ ಗೀರುಗಳಿವೆ. ನೀರಲ್ಲಿ ನೆನೆದು ಮರಳು ಮೆತ್ತಿಕೊಂಡ ಎಳೆಹಗ್ಗ ದಶಕಗಟ್ಟಲೆ ಉಜ್ಜಿ ಕಬ್ಬಿಣವನ್ನೇ ಕೊಯ್ದ ಗುರುತು. ಲಂಡನ್ನಿನ ರೀಜೆಂಟ್ಸ್ ಕೆನಾಲಿನಲ್ಲಿ ಮ್ಯಾಕಲ್ಸ್‌ಫೀಲ್ಡ್ ಬ್ರಿಡ್ಜ್ ಕೆಳಗೆ ಕಂಬಗಳ ಎರಡೂ ಬದಿಗೆ ಇಂಥ ಗೀರುಗಳಿವೆ. 1874ರಲ್ಲಿ ಮದ್ದಿನಪುಡಿ ತುಂಬಿದ ದೋಣಿ ಅದರಡಿ ಸಿಡಿದು ಸೇತುವೆ ಕುಸಿಯಿತು. ಮತ್ತೆ ಕಟ್ಟುವಾಗ ಅವೇ ಕಂಬಗಳನ್ನು ತಿರುಗಿಸಿ ನಿಲ್ಲಿಸಿದರು, ಹೊಸ ಬದಿಯನ್ನೂ ಹಗ್ಗ ಸವೆಸಿತು. ಕುದುರೆ ಹೋದ ಹಾದಿ ಎಷ್ಟು ಕಿರಿದು, ಎಷ್ಟು ಅಂಚಿಗೆ ಎನ್ನುವುದು ಆ ಗೀರು ನೋಡಿದರೆ ಮನಸ್ಸಿಗೆ ನಾಟುತ್ತದೆ.

ಲಾಕ್, ಹಗ್ಗ, ಗೂಟ

ನೀರಿನ ಮಟ್ಟ ಬದಲಾಗುವ ಕಡೆ ದೋಣಿಯನ್ನು ಏರಿಸಿ ಇಳಿಸುವ ಕಟ್ಟೆಯೇ ಲಾಕ್. ಟನ್ನುಗಟ್ಟಲೆ ತೂಕದ ಮರದ ಬಾಗಿಲುಗಳನ್ನು ತೆರೆಯಲು ಅವಕ್ಕೆ ಉದ್ದನೆಯ ತೊಲೆ ಜೋಡಿಸಿರುತ್ತಾರೆ. ದೋಣಿಯವರು ಆ ತೊಲೆಗೆ ಬೆನ್ನು ಕೊಟ್ಟು ಹಿಮ್ಮುಖವಾಗಿ ತಳ್ಳುತ್ತ ನಡೆಯುತ್ತಾರೆ, ತೊಲೆ ಟೋಪಾತಿಗೆ ಅಡ್ಡವಾಗಿ ಬೀಸುತ್ತದೆ. ನಿಮ್ಮ ಕಡೆಗೆ ಬೆನ್ನಿರುವುದರಿಂದ ಅವರಿಗೆ ನೀವು ಕಾಣುವುದಿಲ್ಲ. ತೊಲೆ ಒಮ್ಮೆ ಚಲಿಸತೊಡಗಿದರೆ ತಟ್ಟನೆ ನಿಲ್ಲಿಸಲೂ ಬಾರದು. ಲಾಕಿನ ಹತ್ತಿರ ದೋಣಿ ಕಂಡರೆ ಇಳಿದುಬಿಡಿ. ತೊಲೆ ಮತ್ತು ನೀರಿನ ನಡುವೆ ನುಸುಳಬೇಡಿ.

ಲಾಕಿನ ಕೆಳತುದಿಯಲ್ಲಿ ದಾರಿ ಚಿಕ್ಕ ಇಳಿಜಾರಾಗಿ ಬೀಳುತ್ತದೆ. ಕುದುರೆಯ ಗೊರಸಿಗೆ ಹಿಡಿತ ಸಿಗಲೆಂದು ಅಲ್ಲಿ ಅಡ್ಡಕ್ಕೆ ಉಬ್ಬು ಇಟ್ಟಿಗೆ ಹಾಕಿರುತ್ತಾರೆ. ಅದು ಸೈಕಲ್ಲಿಗೆ ತದ್ವಿರುದ್ಧ, ಗಾಲಿ ಕುಪ್ಪಳಿಸುತ್ತ ಹೋಗಿ ಬ್ರೇಕು ಹಿಡಿಯುವುದೇ ಇಲ್ಲ. ಹಿಡಿಯುವುದಾದರೆ ಇಳಿಜಾರಿಗೆ ಮೊದಲು ಹಿಡಿಯಿರಿ.

ಹಗ್ಗದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದಡಕ್ಕೆ ಬರುತ್ತಿರುವ ದೋಣಿಯ ನಡುಭಾಗದಿಂದ ಒಬ್ಬರು ಹಗ್ಗ ಹಿಡಿದು ಟೋಪಾತಿಗೆ ಜಿಗಿಯುತ್ತಾರೆ. ಹದಿನೈದು ಟನ್ನಿಗೂ ಮೀರಿದ ಉಕ್ಕಿನ ದೋಣಿ ಆ ತುದಿಯಲ್ಲಿ ತೇಲುತ್ತಿರುತ್ತದೆ. ಈಗ ಸಡಿಲವಾಗಿ ನೆಲದ ಮೇಲೆ ಬಿದ್ದಿರುವ ಹಗ್ಗ ಮರುಕ್ಷಣ ಎದೆಮಟ್ಟಕ್ಕೆ ಬಿಗಿಯಬಹುದು. ದೋಣಿಗೂ ಹಗ್ಗ ಹಿಡಿದವರಿಗೂ ನಡುವೆ, ಅಥವಾ ದೋಣಿಗೂ ಕಟ್ಟುಗೂಟಕ್ಕೂ ನಡುವೆ ಸೈಕಲ್ ಹಾಯಿಸಲೇಬೇಡಿ. ಅವರು ಕಟ್ಟಿ ಮುಗಿಸುವುದಕ್ಕೆ ಒಂದು ನಿಮಿಷ ಬೇಕು, ಅಷ್ಟು ಹೊತ್ತು ನಿಲ್ಲಿ. ಕಟ್ಟಿದ ದೋಣಿಗಳ ಸಾಲಿದ್ದ ಕಡೆ ದಂಡೆಯ ಅಂಚಿಗೆ ಕಬ್ಬಿಣದ ಗೂಟಗಳನ್ನು ಹೊಡೆದಿರುತ್ತಾರೆ, ಅವುಗಳ ತಲೆ ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತದೆ. ಕೆಲವರು ಕಾಣಲೆಂದು ಟೆನಿಸ್ ಚೆಂಡೋ ಬಿಳಿ ಬಾಟಲಿಯೋ ಸಿಕ್ಕಿಸುತ್ತಾರೆ. ನೀರಿನ ಅಂಚಿನಿಂದ ಒಂದು ಮೀಟರು ದೂರ ಉಳಿದರೆ ಗೂಟವೂ ಹಗ್ಗವೂ ಗಾಲಿಗೆ ಸಿಗುವುದಿಲ್ಲ. ದೋಣಿಗಳ ಅಲೆ ಬಡಿದು ದಂಡೆಯ ಮಣ್ಣು ಒಳಗೊಳಗೇ ಕೊಚ್ಚಿಹೋಗಿ, ಮೇಲೆ ಹುಲ್ಲು ಮಾತ್ರ ಉಳಿದಿರುವ ಟೊಳ್ಳುಗಳೂ ಆ ಅಂಚಿನಲ್ಲೇ ಇರುವುದು.

ಈ ದೋಣಿಗಳು ಎಷ್ಟೋ ಜನರ ಮನೆ. ಅವರ ಬಾಗಿಲು ತೆರೆಯುವುದು ಟೋಪಾತಿಗೆ. ಬೆಳಗ್ಗೆ ಎದ್ದು ಚಹಾದ ಲೋಟ ಹಿಡಿದು ಹೊರಗೆ ಕಾಲಿಟ್ಟವರ ಮುಂದೆ ಸೈಕಲ್ ಸರ್ರನೆ ಹಾಯುವುದು ದಿನನಿತ್ಯ ನಡೆದರೆ ಅವರ ಸಿಟ್ಟು ನ್ಯಾಯವಾದದ್ದೇ.

ಗಾಳ ಹಾಕುವವರು

ಬ್ರಿಟನ್ನಿನ ಕಾಲುವೆಯಲ್ಲಿ ಮೀನು ಹಿಡಿಯುವವರ ಕೈಯಲ್ಲಿ ಕಾರ್ಬನ್ನಿನ ಕೋಲು ಇರುತ್ತದೆ, ಹನ್ನೊಂದರಿಂದ ಹದಿನಾರು ಮೀಟರು ಉದ್ದ. ಎದುರು ದಂಡೆಯ ಪೊದೆಯಡಿ ಗಾಳ ಇಳಿಬಿಡುವುದಕ್ಕೆ ಅಷ್ಟು ಬೇಕು. ಮೀನು ಸಿಕ್ಕಾಗ, ಹುಳು ಬದಲಿಸುವಾಗ ಆ ಕೋಲನ್ನು ಅವರು ಬೆನ್ನ ಹಿಂದಕ್ಕೆ ಜಾರಿಸುತ್ತಾರೆ. ಹಿಂದೆ ಒಂದು ರೋಲರ್ ಇಟ್ಟಿರುತ್ತಾರೆ, ಕೋಲು ಅದರ ಮೇಲೆ ಉರುಳಿ ಟೋಪಾತನ್ನು ದಾಟಿ ಬೇಲಿಯೊಳಗೆ ಹೋಗುತ್ತದೆ. ಅವರ ಕಣ್ಣೆಲ್ಲ ನೀರಿನ ಮೇಲಿನ ಬೆಂಡಿನ ಮೇಲೆ.

ಆ ಕೋಲುಗಳ ಬೆಲೆ ಸಾವಿರಾರು ಪೌಂಡ್ ಮುಟ್ಟುತ್ತದೆ. ಕಾರ್ಬನ್ನಿನ ಗೋಡೆ ತೆಳು, ಸೈಕಲ್ ಗಾಲಿ ಒಮ್ಮೆ ಹತ್ತಿದರೆ ಆ ತುಂಡು ಮುಗಿಯಿತು. ದೂರದಿಂದಲೇ ದೊಡ್ಡ ಹಸಿರು ಕೊಡೆ, ಕೂರುವ ಪೆಟ್ಟಿಗೆ, ರೋಲರ್ ಕಂಡರೆ ನಿಧಾನಿಸಿ ಒಂದು ಟಿಂಗ್ ಮಾಡಿ. ಕೋಲು ದಾರಿಗೆ ಅಡ್ಡ ಬಂದಿದ್ದರೆ ನಿಂತು ಕಾಯಿರಿ. ಬೆಲ್ ಮೇಲೆ ಬೆಲ್ ಹೊಡೆದು ಅವಸರ ಮಾಡಬೇಡಿ, ತುದಿಯಲ್ಲಿ ಮೀನು ಇದ್ದರೆ ಅವರಿಂದ ಕೋಲು ಸರಿಸಲು ಆಗುವುದೂ ಇಲ್ಲ. ಅವರು ತಲೆಯಾಡಿಸಿದ ಮೇಲೆ ಹೋಗಿ. ಕೋಲಿನ ಮೇಲಿಂದ ಸೈಕಲ್ ಎತ್ತಿ ದಾಟಿಸುವ ಸಾಹಸವೂ ಬೇಡ. ಭಾನುವಾರ ಬೆಳಗ್ಗೆ ಸ್ಪರ್ಧೆ ಇದ್ದರೆ ಹತ್ತಿಪ್ಪತ್ತು ಮೀಟರಿಗೊಬ್ಬರಂತೆ ಒಂದು ಕಿ.ಮೀ. ಉದ್ದಕ್ಕೂ ಕೂತಿರುತ್ತಾರೆ. ಅವತ್ತು ಆ ಭಾಗ ಬಿಟ್ಟು ಬೇರೆ ದಾರಿ ಹಿಡಿಯುವುದೇ ಎಲ್ಲರಿಗೂ ಒಳ್ಳೆಯದು.

ನಾಯಿಯ ವಿಷಯದಲ್ಲಿ ನೋಡಬೇಕಾದದ್ದು ಹಗ್ಗ. ಉದ್ದವಾಗುವ ತೆಳು ಹಗ್ಗ ಕಟ್ಟಿದ್ದರೆ ಒಡೆಯರು ಒಂದು ಬದಿ, ನಾಯಿ ಇನ್ನೊಂದು ಬದಿ, ನಡುವೆ ಕಣ್ಣಿಗೆ ಕಾಣದ ದಾರ. ಒಡೆಯರು ಹಗ್ಗ ಗಿಡ್ಡ ಮಾಡಿಕೊಳ್ಳುವವರೆಗೆ ತಡೆಯಿರಿ. ವಸಂತದಲ್ಲಿ ಹಂಸ, ಹೆಬ್ಬಾತುಗಳು ಮರಿಗಳ ಜೊತೆ ದಾರಿಯ ಮೇಲೇ ಕೂತಿರುತ್ತವೆ. ಇಳಿದು, ಸೈಕಲ್ಲನ್ನು ಅವುಗಳಿಗೂ ನಿಮಗೂ ನಡುವೆ ಇಟ್ಟುಕೊಂಡು, ಬೇಲಿ ಕಡೆಯಿಂದ ನಿಧಾನ ನಡೆಯಿರಿ. ಮರಿಗಳಿಗೂ ತಾಯಿಗೂ ಮಧ್ಯೆ ಮಾತ್ರ ಹೋಗಬಾರದು.

ಸುರಂಗ, ಮೇಲ್ಗಾಲುವೆ

ಕೆಲವು ಸುರಂಗಗಳಲ್ಲಿ ಟೋಪಾತೇ ಇಲ್ಲ. ರೀಜೆಂಟ್ಸ್ ಕೆನಾಲಿನ ಇಸ್ಲಿಂಗ್ಟನ್ ಸುರಂಗ 878 ಮೀಟರು, ಅಲ್ಲಿ ಮೇಲೆ ಹತ್ತಿ ಬೀದಿಗಳಲ್ಲಿ ಹೋಗಿ ಆ ತುದಿಗೆ ಇಳಿಯಬೇಕು. ಬರ್ಮಿಂಗ್‌ಹ್ಯಾಮ್ ಸೀಮೆಯ ನೆದರ್ಟನ್ ಸುರಂಗ 1858ರದು, ಎರಡೂ ಕಡೆ ಟೋಪಾತ್ ಇದೆ, ಆದರೆ 2,768 ಮೀಟರು ಉದ್ದಕ್ಕೂ ಕಗ್ಗತ್ತಲೆ, ಮೇಲಿಂದ ತೊಟ್ಟಿಕ್ಕುವ ನೀರು, ಕಾಲಡಿ ಗುಂಡಿ. ಒಳ್ಳೆಯ ಲೈಟಿಲ್ಲದೆ ಕಾಲಿಡಬೇಡಿ. ಕಣಿವೆಯ ಮೇಲೆ ಸೇತುವೆಯಂತೆ ಕಾಲುವೆಯನ್ನೇ ಹಾಯಿಸಿದ್ದು ಮೇಲ್ಗಾಲುವೆ. ವೇಲ್ಸ್‌ನ ಪಾಂಟ್‌ಕಿಸಿಲ್ಟೆ ಮೇಲ್ಗಾಲುವೆ 1805ರಲ್ಲಿ ಥಾಮಸ್ ಟೆಲ್‌ಫರ್ಡ್ ಕಟ್ಟಿದ್ದು, 307 ಮೀಟರು ಉದ್ದ, ಕಣಿವೆಯಿಂದ 38 ಮೀಟರು ಎತ್ತರ, ವಿಶ್ವ ಪರಂಪರೆಯ ತಾಣ. ಟೋಪಾತಿನ ಬದಿಗೆ ಕಂಬಿ ಇದೆ, ದಾರಿ ಮಾತ್ರ ಇಬ್ಬರು ಕಷ್ಟಪಟ್ಟು ಪಕ್ಕ ಸರಿಯುವಷ್ಟು. ಅಲ್ಲಿ ಇಳಿದು ತಳ್ಳಬೇಕು. ಎಡಿನ್‌ಬರೋದಿಂದ ಫಾಲ್ಕರ್ಕ್ ಕಡೆಗೆ ಹೋಗುವ ಯೂನಿಯನ್ ಕೆನಾಲಿನ ಮೇಲ್ಗಾಲುವೆಗಳಲ್ಲೂ ಹಾಗೆಯೇ, ಗುಂಡುಕಲ್ಲಿನ ನೆಲ, ಕಿರಿದು ದಾರಿ.

ಸೈಕಲ್ಲಿನ ತಯಾರಿ

ಸಪೂರ ಟೈರಿನ ರೇಸಿಂಗ್ ಸೈಕಲ್ ಇಲ್ಲಿಗೆ ಹೊಂದುವುದಿಲ್ಲ. 35ರಿಂದ 45 ಮಿ.ಮೀ. ಅಗಲದ ಟೈರು ಬೇಕು. 40 ಮಿ.ಮೀ. ಟೈರಿಗೆ ಎಪ್ಪತ್ತು ಎಪ್ಪತ್ತೈದು ಕೆ.ಜಿ. ತೂಕದವರು 35ರಿಂದ 45 ಪಿ.ಎಸ್.ಐ. ಗಾಳಿ ಹಾಕಿದರೆ ಕಲ್ಲುಪುಡಿಯಲ್ಲೂ ಬೇರುಗಳ ಮೇಲೂ ಹಿಡಿತ ಸಿಗುತ್ತದೆ. ಹೆಚ್ಚು ಗಾಳಿ ತುಂಬಿದರೆ ಒದ್ದೆ ಬೇರಿನ ಮೇಲೆ ಗಾಲಿ ಜಾರುತ್ತದೆ, ತೀರಾ ಕಡಿಮೆಯಾದರೆ ಕಲ್ಲಿನ ಅಂಚಿಗೆ ಬಡಿದು ಟ್ಯೂಬು ಎರಡು ಕಡೆ ಕತ್ತರಿಸುತ್ತದೆ.

ಪಂಕ್ಚರಿಗೆ ಮುಖ್ಯ ಕಾರಣ ಹಾಥಾರ್ನ್ ಎಂಬ ಮುಳ್ಳುಗಿಡದ ಬೇಲಿ. ಶರತ್ಕಾಲ-ಚಳಿಗಾಲದಲ್ಲಿ ಯಂತ್ರದಿಂದ ಬೇಲಿ ಸವರಿದಾಗ ಮುಳ್ಳಿನ ಚೂರುಗಳು ದಾರಿಯ ತುಂಬ ಚೆಲ್ಲುತ್ತವೆ. ಟ್ಯೂಬು ಬದಲಿಸಿ ಹೊರಟ ಐದೇ ನಿಮಿಷಕ್ಕೆ ಮತ್ತೆ ಗಾಳಿ ಹೋದರೆ ಕಾರಣ ಇಷ್ಟೇ, ಮುರಿದ ಮುಳ್ಳಿನ ತುದಿ ಟೈರಿನೊಳಗೇ ಉಳಿದಿದೆ. ಟೈರಿನ ಒಳಮೈಯನ್ನು ಬೆರಳಿಂದ ನಿಧಾನ ಸವರಿ ನೋಡಬೇಕು. ಒಳಗಿಂದ ಬೆರಳಿಗೆ ಚುಚ್ಚುತ್ತದೆ, ಹೊರಗಿಂದ ಕಾಣುವುದಿಲ್ಲ. ಹೊರಕ್ಕೆ ತಳ್ಳಿ ಚಿಮಟದಿಂದ ಕೀಳಿ. ಎರಡು ಟ್ಯೂಬು, ಟೈರು ಬಿಚ್ಚುವ ಲಿವರ್, ಪಂಪು, ಪ್ಯಾಚು, ಒಂದು ಚಿಕ್ಕ ಚಿಮಟ, ಇಷ್ಟು ಚೀಲದಲ್ಲಿರಲಿ. ಒಳಪಟ್ಟಿ ಇರುವ ಪಂಕ್ಚರ್ ತಡೆಯುವ ಟೈರು ಸ್ವಲ್ಪ ಭಾರ, ಆದರೆ ನವೆಂಬರಿನಿಂದ ಮಾರ್ಚ್‌ವರೆಗೆ ಅದೇ ಮೇಲು.

ಹ್ಯಾಂಡಲ್ ಅಗಲ ನೋಡಿಕೊಳ್ಳಿ. ಮೋಟಾರ್‌ಬೈಕ್ ನುಗ್ಗದಿರಲೆಂದು ಟೋಪಾತಿನ ಬಾಗಿಲುಗಳಲ್ಲಿ ಕಬ್ಬಿಣದ ಅಡ್ಡಗಳನ್ನು ನೆಟ್ಟಿರುತ್ತಾರೆ. 760-800 ಮಿ.ಮೀ. ಅಗಲದ ಮೌಂಟನ್ ಬೈಕ್ ಹ್ಯಾಂಡಲ್ ಕೆಲವದರಲ್ಲಿ ಸಿಕ್ಕಿಬೀಳುತ್ತದೆ, ಮಕ್ಕಳನ್ನು ಕೂರಿಸುವ ಕಾರ್ಗೋ ಸೈಕಲ್ ಅಂತೂ ಹಿಂದಿರುಗಬೇಕಾಗುತ್ತದೆ. ಮಡ್‌ಗಾರ್ಡ್ ಇದ್ದರೆ ನಿಮ್ಮ ಬೆನ್ನಿಗೂ ಹಿಂದಿನವರ ಮುಖಕ್ಕೂ ಕೆಸರು ತಪ್ಪುತ್ತದೆ.

ಲೈಟಿನ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಟೋಪಾತಿನಲ್ಲಿ ಬಹುಪಾಲು ದೀಪವಿಲ್ಲ, ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಹಾಗೆಂದು ಸಾವಿರ ಲ್ಯೂಮೆನ್ ಲೈಟು ನೇರ ಮುಖಕ್ಕೆ ಹೊಡೆದರೆ ಎದುರಿನವರಿಗೆ ನೀರಿನ ಅಂಚೇ ಕಾಣದಂತಾಗುತ್ತದೆ. ಇನ್ನೂರು ಮುನ್ನೂರು ಲ್ಯೂಮೆನ್, ಬೆಳಕಿನ ನಡುಭಾಗ ಗಾಲಿಯಿಂದ ಏಳೆಂಟು ಮೀಟರು ಮುಂದೆ ನೆಲಕ್ಕೆ ಬೀಳುವಂತೆ ಬಾಗಿಸಿ. ಮಿನುಗುವ ಮೋಡು ಬೇಡ, ಅದರಲ್ಲಿ ದೂರ ಅಂದಾಜು ಸಿಗುವುದಿಲ್ಲ. ಯಾರಾದರೂ ಎದುರಾದರೆ ಲೈಟಿಗೆ ಅಂಗೈ ಅಡ್ಡ ಹಿಡಿದು ನಿಧಾನಿಸಿ.

ನೀರಿಗೆ ಬಿದ್ದರೆ

ಮಂಡ್ಯದ ಕಡೆ ನಾಲೆಯ ಏರಿ ಮೇಲೆ ಓಡಾಡಿದವರಿಗೆ ಭಯ ನೀರಿನ ಸೆಳೆತದ್ದು. ಬ್ರಿಟನ್ನಿನ ಕಾಲುವೆ ನಿಂತ ನೀರು, ಸೆಳೆತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೆಚ್ಚಿನ ಕಡೆ ಆಳ ಒಂದು ಒಂದೂವರೆ ಮೀಟರು. ಅಲ್ಲಿನ ಅಪಾಯ ಚಳಿ. ಹದಿನೈದು ಡಿಗ್ರಿಗಿಂತ ತಣ್ಣನೆಯ ನೀರಿಗೆ ತಟ್ಟನೆ ಬಿದ್ದರೆ ಉಸಿರು ತಾನಾಗಿ ಒಳಕ್ಕೆ ಎಳೆಯುತ್ತದೆ, ಆಗ ಬಾಯಿಗೆ ನೀರು ನುಗ್ಗುತ್ತದೆ. ಈಜುವ ಅವಸರ ಮಾಡದೆ ಮೊದಲು ಬೆನ್ನ ಮೇಲೆ ತೇಲಿ, ಉಸಿರು ಹತೋಟಿಗೆ ಬರಲಿ. ಆಮೇಲೆ ಕಾಲಿಗೆ ನೆಲ ಸಿಗುತ್ತದೆಯೇ ನೋಡಿ. ದಂಡೆ ಉಕ್ಕಿನ ನೇರ ಗೋಡೆಯಾಗಿದ್ದರೆ ಹತ್ತಲಾಗದು. ಮೆಟ್ಟಿಲು, ಕಟ್ಟಿದ ದೋಣಿ, ಗಿಡವಿರುವ ಇಳಿಜಾರು ಹುಡುಕಿ. ಸೈಕಲ್ ಹೋದರೆ ಹೋಗಲಿ. ಲಾಕಿನೊಳಗೆ ಮಾತ್ರ ಆಳ ಬಹಳ, ಗೋಡೆ ಜಾರು, ಅಲ್ಲಿ ಗೋಡೆಗೆ ಕೂರಿಸಿದ ಏಣಿಯೇ ದಾರಿ. ಬಿದ್ದವರನ್ನು ಕಂಡರೆ ನೀವು ಧುಮುಕಬೇಡಿ, ಹಗ್ಗ, ಕೊಂಬೆ, ತೇಲುವ ಬಳೆ ಏನಾದರೂ ಚಾಚಿ, ತುರ್ತು ನಂಬರು 999ಕ್ಕೆ ಕರೆಮಾಡಿ. ಎಲ್ಲಿದ್ದೀರೆಂದು ಹೇಳಲು ಸೇತುವೆಯ ನಂಬರೋ ಹೆಸರೋ ಬೇಕು. ಹೆಚ್ಚಿನ ಕಾಲುವೆಗಳ ಸೇತುವೆಗಳಿಗೆ ನಂಬರಿನ ಅಥವಾ ಹೆಸರಿನ ಪಟ್ಟಿ ಹಾಕಿರುತ್ತಾರೆ, ದಾಟಿದ ಕೊನೆಯದನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಹೊರಬಂದ ಮೇಲೆ ಗಾಯಗಳನ್ನು ಶುದ್ಧ ನೀರಲ್ಲಿ ತೊಳೆದು ಮುಚ್ಚಿ, ಸೋಪು ಹಾಕಿ ಕೈ ತೊಳೆಯುವವರೆಗೆ ಏನೂ ತಿನ್ನಬೇಡಿ. ನಮ್ಮಲ್ಲಿ ಇಲಿ ಜ್ವರ ಅನ್ನುವ ಲೆಪ್ಟೋಸ್ಪೈರೋಸಿಸ್ ಈ ನೀರಿನಿಂದಲೂ ಬರಬಹುದು. ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ಡಾಕ್ಟರಿಗೆ ಕಾಲುವೆಗೆ ಬಿದ್ದಿದ್ದನ್ನು ತಪ್ಪದೆ ಹೇಳಿ. ಹೇಳದಿದ್ದರೆ ಸಾಮಾನ್ಯ ಫ್ಲೂ ಎಂದು ಮನೆಗೆ ಕಳಿಸಿಬಿಡುವ ಸಂಭವ ಹೆಚ್ಚು.

ಹೊಸಬರು ಎಲ್ಲಿಂದ ಶುರುಮಾಡಬೇಕು? ರೀಜೆಂಟ್ಸ್ ಕೆನಾಲಿನಿಂದಂತೂ ಅಲ್ಲ, ಅದರಲ್ಲೂ ಕೆಲಸದ ದಿನ ಬೆಳಗ್ಗೆ ಎಂಟರಿಂದ ಒಂಬತ್ತೂವರೆ, ಸಂಜೆ ಐದರಿಂದ ಏಳು ಅಲ್ಲಿಗೆ ಹೋಗಲೇಬೇಡಿ. ಬರ್ಮಿಂಗ್‌ಹ್ಯಾಮಿನಿಂದ ವುಲ್ವರ್‌ಹ್ಯಾಂಪ್ಟನ್ ಕಡೆಗೆ ಟೆಲ್‌ಫರ್ಡ್ ನೇರವಾಗಿ ಕಡಿಸಿದ ಹೊಸ ಮೇನ್ ಲೈನ್ ಅಗಲವಾಗಿದೆ, ಬಹಳ ದೂರ ಎರಡೂ ದಂಡೆಗೆ ಟೋಪಾತ್ ಇದೆ, ಕಲಿಯಲು ಒಳ್ಳೆಯದು. ಬಾತ್‌ನಿಂದ ಬ್ರಾಡ್‌ಫರ್ಡ್ ಆನ್ ಏವನ್‌ಗೆ ಹೋಗುವ ಕೆನೆಟ್ ಅಂಡ್ ಏವನ್ ಕಾಲುವೆಯ ಸುಮಾರು 16 ಕಿ.ಮೀ. ಬಹಳ ಚೆಂದ. ಆದರೆ ಬೇಸಿಗೆಯ ಶನಿವಾರ ಭಾನುವಾರ ಅಲ್ಲಿ ಜಾತ್ರೆಯಷ್ಟು ಜನ. ವಾರದ ನಡುವೆ ರಜೆ ಹಾಕಿ, ಬೆಳಗ್ಗೆ ಒಂಬತ್ತಕ್ಕೆ ಮೊದಲು ಬಾತ್ ಬಿಡಿ.